ಗ್ಲಾನನ ಸೇವೆ: ಮನೆಯೊಳಗಿನ ವೈಯಾವೃತ್ಯ

ಜಿನಾಗಮದಲ್ಲಿ ತಪಸ್ಸನ್ನು ಬಾಹ್ಯ ಮತ್ತು ಆಭ್ಯಂತರ ಎಂದು ಎರಡಾಗಿ ವಿಂಗಡಿಸಲಾಗಿದೆ. ಉಪವಾಸ, ಊನೋದರ, ರಸಪರಿತ್ಯಾಗ ಮೊದಲಾದ ಆರು ಬಾಹ್ಯ ತಪಸ್ಸುಗಳು ನೋಡುವವರ ಕಣ್ಣಿಗೆ ಕಾಣುತ್ತವೆ. ಪರ್ವದ ದಿನಗಳಲ್ಲಿ ಅವುಗಳಿಗೆ ಅನುಮೋದನೆ ದೊರೆಯುತ್ತದೆ, ತಪಸ್ವಿಗಳಿಗೆ ಸನ್ಮಾನವೂ ನಡೆಯುತ್ತದೆ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಆರು ಆಭ್ಯಂತರ ತಪಸ್ಸುಗಳು ಹೀಗೆ ಕಾಣುವುದಿಲ್ಲ. ಇವುಗಳಲ್ಲಿ ಮೂರನೆಯದಾದ ವೈಯಾವೃತ್ಯವೆಂದರೆ ಸೇವೆ. ಸ್ವಾಧ್ಯಾಯ, ಧ್ಯಾನಗಳ ಪಂಕ್ತಿಯಲ್ಲಿಯೇ ಆಚಾರ್ಯರು ಸೇವೆಯನ್ನು ಇರಿಸಿದ್ದಾರೆ ಎಂಬುದನ್ನು ನಿಂತು ಗಮನಿಸಬೇಕು.

ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳಿಗೆ ಮಾನ್ಯವಾದ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಬಗೆಯವರನ್ನು ಹೇಳಿದೆ. ಆಚಾರ್ಯ, ಉಪಾಧ್ಯಾಯ, ತಪಸ್ವಿ, ಶೈಕ್ಷ ಇವರ ಬೆನ್ನಿಗೇ ಐದನೆಯವನಾಗಿ ಬರುವವನು ಗ್ಲಾನ. ರೋಗದಿಂದ ಶರೀರವು ಬಳಲಿದವನೇ ಗ್ಲಾನನೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಮನೂರು, ನಾರಾಯಣಖೇಡ, ಜಹೀರಾಬಾದ್, ತಾಂಡೂರುಗಳ ಈ ಗಡಿಸೀಮೆಯಲ್ಲಿ ಮನೆಮನೆಗೂ ಮಾತು ಬೇರೆ. ಕನ್ನಡದ ಮನೆಯಲ್ಲಿ ಆರೈಕೆ ಎನ್ನುವರು. ಮರಾಠಿ, ತೆಲುಗು ಮನೆಗಳಲ್ಲಿ ಸೇವೆ ಎನ್ನುವರು. ಮಾರವಾಡಿ, ಗುಜರಾತಿ ಮನೆಗಳಲ್ಲಿ ವೈಯಾವಚ್ಚ ಎನ್ನುವರು. ಎಲ್ಲರೂ ಹೇಳುತ್ತಿರುವುದು ಈ ಒಂದೇ ತಪಸ್ಸನ್ನು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಸೂತ್ರದಲ್ಲಿ ಹೇಳಿರುವ ಹತ್ತು ಮಂದಿ ಬಹುಮಟ್ಟಿಗೆ ಮುನಿಸಂಘಕ್ಕೆ ಸೇರಿದವರು; ಮನೆಯಲ್ಲಿ ಹಾಸಿಗೆ ಹಿಡಿದ ಮಾವನವರಿಗೂ, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವ ತಮ್ಮನಿಗೂ ಅದು ಹೇಗೆ ಅನ್ವಯಿಸೀತು? ಆಕ್ಷೇಪ ಸರಿಯಾದುದೇ. ಆದರೆ ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ವ್ರತಿಗಳ ಮೇಲಿನ ಅನುಕಂಪೆಯ ಜೊತೆಗೆ ಸರ್ವಪ್ರಾಣಿಗಳ ಮೇಲಿನ ಅನುಕಂಪೆಯನ್ನೂ ಬೇರೆಯಾಗಿ ಎಣಿಸಿದೆ. ಬಸದಿಗೆ ಬಂದ ಮುನಿಗಳ ಪಾದ ಒತ್ತಲು ಸಾಲುಗಟ್ಟಿ ನಿಲ್ಲುವ ಕೈಗಳಿಗೆ ಮನೆಯ ರೋಗಿಯ ಊದಿದ ಪಾದ ಕಾಣದಿದ್ದರೆ, ಅನುಕಂಪೆ ಅರ್ಧಕ್ಕೆ ನಿಂತಿತು ಎಂದೇ ಹೇಳಬೇಕಾಗುತ್ತದೆ.

ದೀರ್ಘರೋಗದ ಕಷ್ಟ ಅದರ ದೀರ್ಘತೆಯಲ್ಲಿಯೇ ಇದೆ. ಜ್ವರ ಬಂದವರ ಮನೆಗೆ ಬಂಧುಗಳು ಬರುತ್ತಾರೆ, ನೆರೆಯವರು ಅನ್ನದ ಡಬ್ಬಿ ಕಳುಹಿಸುತ್ತಾರೆ. ಜ್ವರ ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಮಧುಮೇಹ, ಮೂತ್ರಪಿಂಡದ ವೈಫಲ್ಯ, ಲಕ್ವ ಇವು ಇಳಿಯುವಂಥವಲ್ಲ. ಮೊದಲ ವಾರ ಮನೆಯ ಮುಂದೆ ಚಪ್ಪಲಿ ಇಡಲು ಜಾಗವಿರುವುದಿಲ್ಲ. ಮೂರನೆಯ ತಿಂಗಳಿಗೆ ರೋಗಿ ಮತ್ತು ಆರೈಕೆ ಮಾಡುವ ಒಂದು ಜೀವ, ಇಬ್ಬರೇ ಉಳಿದಿರುತ್ತಾರೆ. ಆ ಒಂದು ಜೀವ ಬಹುಪಾಲು ಹೆಂಡತಿ ಅಥವಾ ಸೊಸೆ. ಬಿಟ್ಟವರು ಕೆಟ್ಟವರೆಂದಲ್ಲ. ಏನು ಮಾತನಾಡಬೇಕೋ ತಿಳಿಯದೆ, ಏನು ಮಾಡಬೇಕೋ ತೋಚದೆ, ಆ ಓಣಿಯನ್ನೇ ತಪ್ಪಿಸಿ ಹೋಗುವುದು ರೂಢಿಯಾಗಿಬಿಡುತ್ತದೆ.

ಈ ರೂಢಿಯನ್ನು ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಶ್ವೇತಾಂಬರ ಆಗಮಗಳಲ್ಲಿ ಒಂದಾದ ನಿಶೀಥಸೂತ್ರದ ಹತ್ತನೆಯ ಉದ್ದೇಶದಲ್ಲಿ, ರೋಗಿಯಾದ ಸಾಧುವಿನ ಸುದ್ದಿ ಕೇಳಿಯೂ ಅವನನ್ನು ಅರಸಿ ಹೋಗದ ಭಿಕ್ಷುವಿಗೆ, ಸುದ್ದಿ ತಿಳಿದು ಬೇರೆ ದಾರಿ ಹಿಡಿಯುವ ಭಿಕ್ಷುವಿಗೆ ಪ್ರಾಯಶ್ಚಿತ್ತವನ್ನು ವಿಧಿಸಲಾಗಿದೆ. ಸಂಸಾರ ಬಿಟ್ಟವರಿಗೂ ಈ ನಿಯಮ ಬೇಕಾಯಿತೆಂದರೆ ಸಂಸಾರಿಗಳ ಮಾತೇನು! ಸ್ಥಾನಾಂಗಸೂತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗ್ಲಾನನ ಸೇವೆಯನ್ನು ಗ್ಲಾನಿಯಿಲ್ಲದೆ ಮಾಡಬೇಕೆನ್ನುತ್ತದೆ. ಎರಡು ಮಾತಿಗೂ ಮೂಲ ಒಂದೇ. ಬಳಲಿದವನನ್ನು ಬಳಲದೆ ನೋಡಿಕೊಳ್ಳಬೇಕು. ಒಬ್ಬರೇ ಹಗಲಿರುಳು ನೋಡಿಕೊಂಡರೆ ಬಳಲದಿರಲು ಸಾಧ್ಯವೆ? ಮುನಿಸಂಘದಲ್ಲಿ ಗ್ಲಾನನ ಹೊಣೆ ಸಂಘದ್ದು, ಒಬ್ಬ ಶಿಷ್ಯನದಲ್ಲ. ಶ್ರಾವಕರ ಮನೆಗಳಲ್ಲಿ ಮಾತ್ರ ಅದು ಒಬ್ಬಳ ಹೊಣೆಯಾಗಿ ಉಳಿದಿದೆ.

ಮೈನಾಸುಂದರಿ ಮತ್ತು ಶ್ರೀಪಾಲರ ಕಥೆಯನ್ನು ಎರಡೂ ಪರಂಪರೆಯ ಮಕ್ಕಳು ಬಲ್ಲರು. ಅಷ್ಟಾಹ್ನಿಕದ ಸಿದ್ಧಚಕ್ರ ವಿಧಾನದಲ್ಲಿಯೂ ನವಪದ ಓಳಿಯ ಆಯಂಬಿಲದಲ್ಲಿಯೂ ಅದನ್ನು ಸ್ಮರಿಸುತ್ತಾರೆ. ಕುಷ್ಠರೋಗಿಯಾದ ಪತಿಯ ಪಕ್ಕದಲ್ಲಿ ಆಕೆ ಅಸಹ್ಯಪಡದೆ ಕುಳಿತಳು. ಸಿದ್ಧಚಕ್ರದ ಆರಾಧನೆಯಿಂದ ಅವನೂ ಅವನ ಜೊತೆಯ ಏಳುನೂರು ಮಂದಿಯೂ ಗುಣ ಹೊಂದಿದರು. ಆ ಏಳುನೂರು ಮಂದಿಯನ್ನು ಹೆಚ್ಚಾಗಿ ಯಾರೂ ನೆನೆಯುವುದಿಲ್ಲ. ಅರಮನೆಯಿಂದ ದೂರವಾದ ಶ್ರೀಪಾಲನು ಅಲ್ಲಿಯವರೆಗೆ ಬದುಕಿದ್ದು ಅವರ ನಡುವೆ. ಸೊಸೆಯನ್ನು ‘ಸಾಕ್ಷಾತ್ ಮೈನಾಸುಂದರಿ’ ಎಂದು ಸಭೆಯಲ್ಲಿ ಹೊಗಳಿ ಮನೆಗೆ ಮರಳುವ ಬಂಧುಗಳು, ಆ ಏಳುನೂರರಲ್ಲಿ ಒಬ್ಬರಾಗುವ ಅವಕಾಶವನ್ನು ಕಳೆದುಕೊಳ್ಳುತ್ತಾರೆ. ಅಂದಹಾಗೆ, ಅಂದು ಅಷ್ಟು ಭಯ ಹುಟ್ಟಿಸಿದ ಕುಷ್ಠರೋಗವು ಇಂದು ಬಹುಔಷಧ ಚಿಕಿತ್ಸೆಯಿಂದ ಆರು ಅಥವಾ ಹನ್ನೆರಡು ತಿಂಗಳಲ್ಲಿ ಗುಣವಾಗುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಭಯ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ರೋಗಿಯ ಮುಂದೆ ಆಡುವ ಮಾತಿನ ವಿಷಯವೂ ಹೇಳಬೇಕಾದುದೇ. ‘ಎಲ್ಲ ಪೂರ್ವಕರ್ಮ’ ಎಂಬ ಮಾತು ಜೈನರ ನಾಲಿಗೆಗೆ ಬಹಳ ಸುಲಭವಾಗಿ ಬರುತ್ತದೆ. ಅಸಾತಾವೇದನೀಯದ ಉದಯವೆಂಬುದು ಸಿದ್ಧಾಂತದ ಸತ್ಯ, ಅದರಲ್ಲಿ ವಿವಾದವಿಲ್ಲ. ಆದರೆ ಇನ್ನೊಬ್ಬರಲ್ಲಿ ದುಃಖ, ಶೋಕ, ಸಂತಾಪಗಳನ್ನು ಹುಟ್ಟಿಸುವವನಿಗೇ ಅಸಾತದ ಆಸ್ರವವಾಗುತ್ತದೆಂದು ತತ್ತ್ವಾರ್ಥಸೂತ್ರವೇ ಹೇಳಿದೆ. ನೋಯುತ್ತಿರುವವನಿಗೆ ಅವನ ಕರ್ಮವನ್ನು ಎಣಿಸಿ ಹೇಳುವವನು ತನ್ನ ಖಾತೆಯಲ್ಲಿ ಅದನ್ನೇ ಬರೆದುಕೊಳ್ಳುತ್ತಾನೆ. ಸನತ್ಕುಮಾರ ಚಕ್ರವರ್ತಿಯು ಮುನಿಯಾಗಿ ರೋಗಗಳನ್ನು ಸಹಿಸಿದ ಕಥೆ ವಡ್ಡಾರಾಧನೆಯಲ್ಲಿದೆ. ವೈದ್ಯನ ವೇಷದಲ್ಲಿ ಬಂದ ದೇವನಿಗೆ ಆತ ಉತ್ತರ ಕೊಟ್ಟ ಪರಿ ಅದ್ಭುತವಾದುದು. ಆದರೆ ಆ ಉತ್ತರವನ್ನು ಕೊಟ್ಟವನು ರೋಗಿ. ನೋಡಲು ಬಂದವರು ಅದನ್ನು ರೋಗಿಗೆ ಉಪದೇಶಿಸಿದರೆ ಅದು ಸಾಂತ್ವನವಾಗುವುದಿಲ್ಲ.

ನೋಡಲು ಬಂದವರು ಕಲಿಯಬೇಕಾದ ಕಥೆ ಉದ್ದಾಯನ ಮಹಾರಾಜನದು. ಸಮ್ಯಗ್ದರ್ಶನದ ನಿರ್ವಿಚಿಕಿತ್ಸಾ ಅಂಗಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇವನನ್ನೇ ಹೆಸರಿಸಿದ್ದಾರೆ. ಅವನನ್ನು ಪರೀಕ್ಷಿಸಲು ದೇವನೊಬ್ಬನು ರೋಗಪೀಡಿತ ಮುನಿಯ ರೂಪದಲ್ಲಿ ಬಂದು, ಆಹಾರ ಸ್ವೀಕರಿಸಿ, ದುರ್ಗಂಧದ ವಮನ ಮಾಡಿದನು. ಪರಿಜನರೆಲ್ಲ ಮೂಗು ಮುಚ್ಚಿಕೊಂಡು ಓಡಿದರು. ರಾಜನೂ ರಾಣಿ ಪ್ರಭಾವತಿಯೂ ಉಳಿದು ಮುನಿಯ ಮೈ ತೊಳೆದರು. ಆಗ ರಾಜನು, ತಾನು ಕೊಟ್ಟ ಆಹಾರವೇ ಈ ದೇಹಕ್ಕೆ ಒಗ್ಗಲಿಲ್ಲವೇನೋ ಎಂದು ತನ್ನನ್ನೇ ನಿಂದಿಸಿಕೊಂಡನು.

ತಾನು ಕೊಟ್ಟದ್ದು ಈ ದೇಹಕ್ಕೆ ಒಗ್ಗುತ್ತದೆಯೆ ಎಂಬ ಪ್ರಶ್ನೆಯನ್ನು ಕೊಡುವ ಮೊದಲೇ ಕೇಳಿಕೊಳ್ಳುವುದು ಇಂದಿನ ಆರೈಕೆಗೆ ಅತ್ಯಗತ್ಯ. ಕಾಯಿಲೆಯವರನ್ನು ನೋಡಲು ಎಳನೀರು, ಬಾಳೆಹಣ್ಣು ಹಿಡಿದು ಹೋಗುವುದು ನಮ್ಮ ಸೀಮೆಯ ಸಂಪ್ರದಾಯ. ಮೂತ್ರಪಿಂಡ ಕೆಲಸ ನಿಲ್ಲಿಸಿದವರಿಗೆ ಇವೆರಡರಲ್ಲಿಯೂ ಇರುವ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಅವರು ಕುಡಿಯುವ ನೀರಿಗೂ ವೈದ್ಯರು ಅಳತೆ ಹಾಕಿರುತ್ತಾರೆ. ‘ಒಂದು ಲೋಟ ಕುಡೀರಿ, ಏನಾಗ್ತದ’ ಎಂಬ ಪ್ರೀತಿಯ ಒತ್ತಾಯವು ರಾತ್ರಿ ಉಸಿರು ಕಟ್ಟುವಂತೆ ಮಾಡೀತು. ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ತೋಳಿನ ಮೇಲೆ ಭಾರ ಬೀಳಬಾರದು; ಆ ತೋಳಿನಲ್ಲಿ ರಕ್ತದೊತ್ತಡ ನೋಡಬಾರದು, ಕೈ ಹಿಡಿದು ಎಬ್ಬಿಸುವಾಗಲೂ ಇನ್ನೊಂದು ಕೈಯನ್ನೇ ಹಿಡಿಯಬೇಕು. ಲಕ್ವ ಹೊಡೆದು ತಾವಾಗಿ ಹೊರಳಲಾರದವರನ್ನು ಸುಮಾರು ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ರಾತ್ರಿಯೂ ಎದ್ದು ಈ ಕೆಲಸ ಮಾಡುವವರಿಗೆ ಹಗಲಿನಲ್ಲಿ ಎರಡು ತಾಸು ನಿದ್ರೆ ಒದಗಿಸಿಕೊಡುವುದು ಯಾವ ಹಣ್ಣಿನ ಬುಟ್ಟಿಗಿಂತಲೂ ದೊಡ್ಡ ದಾನ.

ಪರ್ವಕಾಲದ ಉಪವಾಸವು ಇನ್ನೊಂದು ಸೂಕ್ಷ್ಮ ವಿಷಯ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ದಶಲಕ್ಷಣದಲ್ಲಿ ಅಥವಾ ಪರ್ಯೂಷಣದಲ್ಲಿ ಎಂದಿನ ಔಷಧವನ್ನೇ ತೆಗೆದುಕೊಂಡು ಉಪವಾಸ ಹಿಡಿದರೆ, ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದು ಬೆವರು, ನಡುಕ, ಮಾತಿನ ತೊದಲು ಕಾಣಿಸಿಕೊಳ್ಳಬಹುದು. ಸೂರ್ಯಾಸ್ತದ ನಂತರ ಏನನ್ನೂ ಮುಟ್ಟದ ಮನೆಗಳಲ್ಲಿ ಇದು ನಡುರಾತ್ರಿಯಲ್ಲಿಯೂ ಆದೀತು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ವ್ರತಭಂಗವಾಯಿತೆಂಬ ಭಯದಿಂದ ಬೆಳಗಾಗುವವರೆಗೆ ಕಾದ ಮನೆಗಳು ಇಲ್ಲದಿಲ್ಲ. ಶ್ವೇತಾಂಬರರ ಪಚ್ಚಕ್ಖಾಣದಲ್ಲಿ ತೀವ್ರ ವ್ಯಾಧಿಯಲ್ಲಿ ಸಮಾಧಿ ಕಾಯಲು ಔಷಧ ಸ್ವೀಕರಿಸುವುದಕ್ಕೆ ಆಗಾರವನ್ನು ಮೊದಲೇ ಇಡಲಾಗಿದೆ. ದಿಗಂಬರರು ಭಾವಿಸುವ ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿತಃ’, ಅಂದರೆ ಶಕ್ತಿಗೆ ತಕ್ಕಂತೆ ಎಂಬ ವಿಶೇಷಣವಿದೆ. ಅದೇ ಹದಿನಾರರಲ್ಲಿ ವೈಯಾವೃತ್ಯಕರಣವೂ ಒಂದು. ನಿಯಮ ಹಿಡಿಯುವ ಮೊದಲೇ ವೈದ್ಯರನ್ನು ಕೇಳುವುದು, ಆಗದವರನ್ನು ‘ಈ ವರ್ಷವೂ ಇಲ್ಲವೆ’ ಎಂದು ಕೆಣಕದಿರುವುದು, ಇವೆರಡನ್ನು ಮನೆಯವರು ಪಾಲಿಸಿದರೆ ಸಾಕು.

ರೋಗವೆಂದರೆ ಸಹನೆ, ಔಷಧವೆಂದರೆ ದೇಹಮೋಹ ಎಂದು ಭಾವಿಸುವವರು ತಮ್ಮ ಪರಂಪರೆಯನ್ನೇ ಮರೆತಿರುತ್ತಾರೆ. ತಾಂಡೂರಿನಿಂದ ರೈಲಿನಲ್ಲಿ ವಾಡಿಯ ಕಡೆಗೆ ಹೊರಟರೆ ಸೇಡಂ ದಾಟಿದ ಮೇಲೆ ಸಿಗುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯಾಚಾರ್ಯರು ಮಾಂಸಾಹಾರದ ನಿರರ್ಥಕತೆಯನ್ನು ಪ್ರತಿಪಾದಿಸಿದ ಪ್ರಕರಣವು ಅವರ ವೈದ್ಯಗ್ರಂಥ ಕಲ್ಯಾಣಕಾರಕದ ಕೊನೆಯಲ್ಲಿದೆ. ಮಾಂಸ, ಮದ್ಯ, ಜೇನುಗಳಿಲ್ಲದೆ ಚಿಕಿತ್ಸೆಯನ್ನು ಹೇಳುವ ಈ ಗ್ರಂಥ 1940ರಲ್ಲಿ ಸೋಲಾಪುರದಿಂದ ಹಿಂದಿ ಅನುವಾದದೊಡನೆ ಪ್ರಕಟವಾಯಿತು. ವೈದ್ಯ, ಔಷಧ, ರೋಗಿ ಇವರ ಜೊತೆಗೆ ಪರಿಚಾರಕನನ್ನೂ ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಒಂದೆಂದು ಆಯುರ್ವೇದವು ಎಣಿಸುತ್ತದೆ.

ಇನ್ನು ಸಮಂತಭದ್ರಾಚಾರ್ಯರ ವೃತ್ತಾಂತ. ಎಷ್ಟು ಉಂಡರೂ ಹಸಿವು ತಣಿಯದ ಭಸ್ಮಕ ರೋಗ ಅವರನ್ನು ಹಿಡಿಯಿತೆಂದು ಪರಂಪರೆ ಹೇಳುತ್ತದೆ. ದೇವಚಂದ್ರನ ರಾಜಾವಳೀ ಕಥೆಯಲ್ಲಿಯೂ ಇದು ಬಂದಿದೆ. ಮುನಿಚರ್ಯೆಯಲ್ಲಿ ಆ ಹಸಿವನ್ನು ತಣಿಸುವುದು ಅಸಾಧ್ಯ. ಅವರು ಗುರುಗಳಲ್ಲಿಗೆ ಹೋಗಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ದೀಕ್ಷೆಯನ್ನು ಬಿಟ್ಟಾದರೂ ರೋಗವನ್ನು ಗುಣಪಡಿಸಿಕೊಂಡು ಬಾ, ಮತ್ತೆ ದೀಕ್ಷೆ ತೆಗೆದುಕೊಳ್ಳಬಹುದು ಎಂದು ಕಳುಹಿಸಿದರು. ಬದುಕಿ ಮರಳಿದ ಈ ಆಚಾರ್ಯರೇ ಮುಂದೆ ರತ್ನಕರಂಡಕದಲ್ಲಿ ಸಲ್ಲೇಖನದ ಲಕ್ಷಣ ಹೇಳುವಾಗ, ಪ್ರತೀಕಾರವೇ ಇಲ್ಲದ ರೋಗ ಎಂಬ ಕಟ್ಟುನಿಟ್ಟಿನ ನಿಬಂಧನೆಯನ್ನು ಇಟ್ಟರು. ಇನ್ಸುಲಿನ್ನಿಗೆ, ಡಯಾಲಿಸಿಸ್ಸಿಗೆ ಒಳಗಾಗುವ ರೋಗವನ್ನು ಪ್ರತೀಕಾರವಿಲ್ಲದ್ದೆಂದು ಆತುರದಲ್ಲಿ ಎಣಿಸಲಾಗದು. ‘ನನ್ನಿಂದ ಎಲ್ಲರಿಗೂ ತೊಂದರೆ, ಇನ್ನು ಸಾಕು’ ಎಂದು ರೋಗಿ ಹೇಳುವಾಗ ಅದರಲ್ಲಿ ವೈರಾಗ್ಯವೆಷ್ಟು, ಮನೆಯವರ ಬೇಸರವನ್ನು ಕಂಡ ಸಂಕೋಚವೆಷ್ಟು ಎಂಬುದನ್ನು ಹತ್ತಿರ ಕುಳಿತು ಕೇಳುವವರು ಬೇಕು.

ಹಣದ ನೆರವಿಗೆ ದಾರಿಗಳುಂಟು. ಅವಿಭಜಿತ ಆಂಧ್ರಪ್ರದೇಶದಲ್ಲಿ 2007ರಲ್ಲಿ ಆರೋಗ್ಯಶ್ರೀ ಬಂದಿತು, 2016ರಲ್ಲಿ ಕೇಂದ್ರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದಿತು. ಹೈದರಾಬಾದಿನ ಭಗವಾನ್ ಮಹಾವೀರ ಆಸ್ಪತ್ರೆಯಂತಹ ಸಂಸ್ಥೆಗಳು ಜೈನರ ದಾನದಿಂದ ನಿಂತಿವೆ. ಆದರೆ ಒಂದು ಸಲದ ಡಯಾಲಿಸಿಸ್ ಸುಮಾರು ನಾಲ್ಕು ತಾಸು ಹಿಡಿಯುತ್ತದೆ. ಹೋಗಿ ಬರುವುದು ಸೇರಿದರೆ ಒಂದು ದಿನ. ವಾರಕ್ಕೆ ಎರಡು ಮೂರು ದಿನ ಅಂಗಡಿ ಮುಚ್ಚಿ ಜೊತೆಗೆ ಹೋಗುವ ಮಗನ ಬದಲು ಒಂದು ದಿನ ಹೋಗಿ ಕೂರುವವನನ್ನು ಯಾವ ಯೋಜನೆಯೂ ಕಳುಹಿಸಿಕೊಡದು. ಹತ್ತು ಮನೆಗಳು ವಾರ ಹಂಚಿಕೊಂಡರೆ ಒಂದೊಂದು ಮನೆಗೆ ತಿಂಗಳಿಗೊಂದು ಸರದಿ ಬಂದೀತು.

ವಿಧಾನದ ದಿನ ಮಹಿಳೆಯರ ಸಾಲಿನಲ್ಲಿ ಕಾಣದ ಮುಖಗಳಿರುತ್ತವೆ. ಮನೆಯಲ್ಲಿ ರೋಗಿಯನ್ನು ಬಿಟ್ಟು ಬರಲಾಗದೆ ಪೂಜೆ ತಪ್ಪಿತು, ಉಪವಾಸ ತಪ್ಪಿತು ಎಂದು ಅವರು ಕೊರಗುತ್ತಿರುತ್ತಾರೆ. ಆಭ್ಯಂತರ ತಪಸ್ಸಿನಲ್ಲಿದ್ದೇನೆಂಬ ಅರಿವು ಅವರಿಗೆ ಇರುವುದಿಲ್ಲ. ಅದನ್ನು ಅವರಿಗೆ ಯಾರೂ ಹೇಳಿರುವುದೂ ಇಲ್ಲ. ಅಭಿಷೇಕದ ಗಂಧೋದಕವನ್ನು ಅಂತಹ ಮನೆಗಳಿಗೆ ತಲುಪಿಸುವ ಪದ್ಧತಿ ದಿಗಂಬರ ಬಸದಿಗಳಲ್ಲಿ ಮೊದಲಿನಿಂದ ಇದೆ. ಅದನ್ನು ಒಯ್ದವರು ಬಾಗಿಲಿನಿಂದಲೇ ಮರಳದೆ ಒಳಗೆ ಕುಳಿತು, ‘ವೈನೀ, ನಾಳೆ ಹನ್ನೊಂದರಿಂದ ಒಂದರತನಕ ನಾನು ಕೂಡ್ತೀನಿ, ನೀವು ಬಸದಿಗೆ ಹೋಗಿ ಬರ್ರಿ’ ಎಂದು ಹೇಳಬಹುದು. ಹೇಳುವ ಮೊದಲು, ಯಾವ ಮಾತ್ರೆ ಎಷ್ಟು ಹೊತ್ತಿಗೆ, ನೀರು ಎಷ್ಟು, ಯಾವ ಕೈ ಮುಟ್ಟಬಾರದು ಎಂಬುದನ್ನು ಕೇಳಿ ಬರೆದುಕೊಂಡಿರಬೇಕು.