ಒಂದು ಪಂಚೆ, ಒಂದು ಬಲ್ಬು, ಎರಡು ದೇಶ

ಕ್ಯಾಂಪಸ್‌ನಲ್ಲಿ ಏಷ್ಯಾ ಸಂಸ್ಕೃತಿ ದಿನ ಅಂದ್ರೆ ಕೆ-ಪಾಪ್ ಡ್ಯಾನ್ಸು, ಒರಿಗಾಮಿ, ಮೊಮೊ ಸ್ಟಾಲ್. ಇರಲಿ, ಅವೂ ಬೇಕು. ಆದರೆ ನಮ್ಮ ಹೊಸಹಳ್ಳಿಯ ಬಳ್ಳಾರಿ ಸೀಮೆಯಲ್ಲೇ ತೊಗಲುಗೊಂಬೆಯಾಟ ಇದೆ. ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟವನ್ನೂ ಅದರಲ್ಲಿ ಆಡಿಸಿದ್ದರು. ಇಂಡೋನೇಷ್ಯಾದಲ್ಲಿ ಇದರ ಬಂಧು 'ವಯಾಂಗ್ ಕುಲಿತ್'. ಅಲ್ಲೂ ರಾಮಾಯಣ, ಮಹಾಭಾರತವೇ ಕಥೆ. ವಯಾಂಗ್ 2008ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ.

ವ್ಯತ್ಯಾಸ ಎಲ್ಲಿದೆ? ನಮ್ಮ ಗೊಂಬೆಯ ತೊಗಲು ತೆಳು. ಬೆಳಕು ಅದರೊಳಗೆ ಹಾದು ಪರದೆ ಮೇಲೆ ಬಣ್ಣ ಕಾಣುತ್ತೆ. ಅವರದು ದಪ್ಪ ಎಮ್ಮೆ ತೊಗಲು. ಕೊರೆದ ರಂಧ್ರಗಳಲ್ಲಷ್ಟೇ ಬೆಳಕು, ಉಳಿದದ್ದು ಕಪ್ಪು ನೆರಳು.

ನಾವೇ ಮಾಡಿ ನೋಡೋಣ. ಬಿಳಿ ಪಂಚೆ ಕಟ್ಟಿ, 120 ಸೆಂ.ಮೀ. ಹಿಂದೆ ಬಲ್ಬು ಇಡಿ. ಪಾರದರ್ಶಕ ಶೀಟಿಗೆ ಮಾರ್ಕರ್ ಬಣ್ಣ ಹಚ್ಚಿದರೆ ನಮ್ಮ ಗೊಂಬೆ. ಕಪ್ಪು ರಟ್ಟು ಕೊರೆದರೆ ಅವರದು. ನಮ್ಮದನ್ನು ಪರದೆಗೆ ಒತ್ತಿ ಹಿಡಿಯಿರಿ. ಅವರದನ್ನು ಬಲ್ಬಿನಿಂದ 60 ಸೆಂ.ಮೀ.ಗೆ ತನ್ನಿ: 120 ಭಾಗಿಸು 60, ನೆರಳು ಎರಡು ಪಟ್ಟು. ಬಲ್ಬು ದೊಡ್ಡದಿದ್ದಷ್ಟೂ ಅಂಚು ಮಸುಕು.

ಆದರೆ ರಟ್ಟಿನ ಗೊಂಬೆಗೇ ನಿಲ್ಲಿಸಬೇಡಿ. ಡಿಜೆಗೆ ಬಜೆಟ್ ಇರೋವಾಗ, ತೊಗಲುಗೊಂಬೆ ಕಲಾವಿದರಿಗೂ ಸರಿಯಾದ ಸಂಭಾವನೆ ಇಡೋಣ. ಅವರನ್ನು ಕರೆಸಿ, ಪೂರ್ತಿ ಆಟ ಆಡಿಸಿ, ಪರದೆ ಹಿಂದೆ ಕೂತು ಕಲಿಯೋಣ. ಆಡಿಸೋ ಕೈ ಇಲ್ಲದಿದ್ದರೆ ಗೊಂಬೆ ಬರೀ ಮ್ಯೂಸಿಯಂ ಸಾಮಾನು.