ಸೊನ್ನೆಯ ಅರ್ಥ ಕೇಳಿ, ಆಮೇಲೆ ಲೆಕ್ಕ ಹಾಕಿ

ಮೆಟಬಾಲಿಕ್ ಸಿಂಡ್ರೋಮ್ ಇರುವ ಮಹಿಳೆಯರಲ್ಲಿ ಲೈಂಗಿಕ ತೊಂದರೆ ಹೆಚ್ಚೇ? ಇದನ್ನು ಹುಡುಕುವ ಅಧ್ಯಯನಗಳನ್ನು ಓದಲು ದೊಡ್ಡ ಗಣಿತ ಬೇಡ. ಎರಡು ಅಳತೆಗಳು ಹೇಗೆ ಹುಟ್ಟುತ್ತವೆ, ಅವನ್ನು ಹೇಗೆ ಹೋಲಿಸುತ್ತಾರೆ ಎಂಬುದು ತಿಳಿದರೆ ಸಾಕು.

ಮೊದಲನೆಯದು ಟೇಪು ಮತ್ತು ರಕ್ತಪರೀಕ್ಷೆಯ ಕೆಲಸ. 2009ರ ಜಂಟಿ ವ್ಯಾಖ್ಯೆಯ ಪ್ರಕಾರ ಐದರಲ್ಲಿ ಮೂರು ಲಕ್ಷಣಗಳಿದ್ದರೆ ಮೆಟಬಾಲಿಕ್ ಸಿಂಡ್ರೋಮ್. ಭಾರತೀಯ ಮಹಿಳೆಯರಿಗೆ ಆ ಐದು ಇವು: ಸೊಂಟದ ಸುತ್ತಳತೆ 80 ಸೆಂ.ಮೀ. ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಎಚ್‌ಡಿಎಲ್ 50ಕ್ಕಿಂತ ಕಡಿಮೆ, ರಕ್ತದೊತ್ತಡ 130/85 ಅಥವಾ ಹೆಚ್ಚು, ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು.

ಎರಡನೆಯದು ಪ್ರಶ್ನಾವಳಿ. 2000ದಲ್ಲಿ ಬಂದ ಎಫ್‌ಎಸ್‌ಎಫ್‌ಐ ಕಳೆದ ನಾಲ್ಕು ವಾರಗಳ ಬಗ್ಗೆ 19 ಪ್ರಶ್ನೆ ಕೇಳುತ್ತದೆ: ಬಯಕೆ, ಉದ್ರೇಕ, ತೇವ, ಪರಾಕಾಷ್ಠೆ, ತೃಪ್ತಿ, ನೋವು. ಪೂರ್ಣಾಂಕ 36, 26.55 ಅಥವಾ ಕಡಿಮೆ ಬಂದರೆ ತೊಂದರೆಯ ಸಾಧ್ಯತೆ ಎಂದು ಎಣಿಸುತ್ತಾರೆ.

ಇಲ್ಲೇ ಮೊದಲ ಎಚ್ಚರ ಬೇಕು. ಗಂಡ ದೂರದೂರಿನಲ್ಲಿ ಕೆಲಸದಲ್ಲಿರುವ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಆಕೆಗೆ ಬಯಕೆಯಿದೆ, ದಾಂಪತ್ಯದಲ್ಲಿ ತೃಪ್ತಿಯೂ ಇದೆ. ಆದರೆ ಆ ನಾಲ್ಕು ವಾರ ಲೈಂಗಿಕ ಸಂಪರ್ಕವಾಗಲಿ ಬೇರಾವ ಲೈಂಗಿಕ ಚಟುವಟಿಕೆಯಾಗಲಿ ಇರಲಿಲ್ಲ. 15 ಪ್ರಶ್ನೆಗಳಿಗೆ ಸೊನ್ನೆ ಬೀಳುತ್ತದೆ. ಬಯಕೆಯ ಎರಡು ಪ್ರಶ್ನೆಗಳಿಗೆ ಐದೈದು ಅಂಕ, 0.6ರಿಂದ ಗುಣಿಸಿದರೆ 6. ತೃಪ್ತಿಯ ಉಳಿದೆರಡಕ್ಕೂ ಐದೈದು, 0.4ರಿಂದ ಗುಣಿಸಿದರೆ 4. ಒಟ್ಟು 10! ಯಾವ ತೊಂದರೆಯೂ ಇಲ್ಲದವರು ಪಟ್ಟಿಯಲ್ಲಿ ರೋಗಿಯಾದರು. ಆದ್ದರಿಂದ ಇಂಥವರನ್ನು ಬೇರೆಯಾಗಿ ಎಣಿಸಿದ್ದಾರೆಯೇ ಎಂದು ಮೊದಲು ನೋಡಿ.

ಎರಡನೇ ಎಚ್ಚರ ವಯಸ್ಸಿನದು. ಕಲಿಯಲೆಂದು ಒಂದು ಕಲ್ಪಿತ ಲೆಕ್ಕ ಮಾಡೋಣ. ಕಿರಿಯರು 100: ಸಿಂಡ್ರೋಮ್ ಇರುವ 20 ಜನರಲ್ಲಿ 5, ಇಲ್ಲದ 80ರಲ್ಲಿ 20 ಮಂದಿಗೆ ತೊಂದರೆ. ಎರಡರಲ್ಲೂ ಶೇ. 25. ಹಿರಿಯರು 100: ಸಿಂಡ್ರೋಮ್ ಇರುವ 80ರಲ್ಲಿ 48, ಇಲ್ಲದ 20ರಲ್ಲಿ 12. ಎರಡರಲ್ಲೂ ಶೇ. 60. ವಯಸ್ಸು ಮರೆತು ಕೂಡಿಸಿದರೆ ಸಿಂಡ್ರೋಮ್ ಇರುವವರಲ್ಲಿ ಶೇ. 53, ಇಲ್ಲದವರಲ್ಲಿ ಶೇ. 32! ಇಷ್ಟು ಅಂತರ ಬರೀ ಆಕಸ್ಮಿಕವಾಗಿ ಬರುವುದು ಅಪರೂಪ ಎಂದು ಕೈ-ಸ್ಕ್ವೇರ್ ಪರೀಕ್ಷೆ ಹೇಳುತ್ತದೆ. ಅದು ಸರಿಯೇ, ಆದರೆ ಅಂತರ ತಂದದ್ದು ವಯಸ್ಸು. ಮುಟ್ಟು ನಿಲ್ಲುವುದು, ಖಿನ್ನತೆ, ಔಷಧಿಗಳನ್ನೂ ಹೀಗೆ ಲೆಕ್ಕಕ್ಕೆ ತರಬೇಕು. ಎಲ್ಲವನ್ನೂ ಒಟ್ಟಿಗೆ ತೂಗಲು ಲಾಜಿಸ್ಟಿಕ್ ರಿಗ್ರೆಷನ್ ಬಳಸುತ್ತಾರೆ.

ಅದರ ಫಲಿತಾಂಶ ಆಡ್ಸ್ ರೇಶಿಯೊ. ಮೇಲಿನ ಒಟ್ಟು ಲೆಕ್ಕದಲ್ಲಿ 53ನ್ನು 47ರಿಂದ, 32ನ್ನು 68ರಿಂದ ಭಾಗಿಸಿ ಹೋಲಿಸಿದರೆ ಅದು ಸುಮಾರು 2.4. ಆದರೆ ಶೇ. 53 ಎಂಬುದು ಶೇ. 32ರ ಸುಮಾರು 1.7 ಪಟ್ಟು ಮಾತ್ರ. ತೊಂದರೆ ಸಾಮಾನ್ಯವಾಗಿರುವಲ್ಲಿ ಆಡ್ಸ್ ರೇಶಿಯೊವನ್ನೇ ‘ಇಷ್ಟು ಪಟ್ಟು ಅಪಾಯ’ ಎಂದು ಓದಬೇಡಿ.

ಕೊನೆಗೆ, ಒಂದೇ ಸಲ ಅಳೆದ ಅಧ್ಯಯನದಿಂದ ಯಾವುದು ಮೊದಲು ಬಂತು ಎಂಬುದು ಗೊತ್ತಾಗದು. ಅದಕ್ಕೆ ಅದೇ ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೇ ಬೇಕು.