ಶರೀರದ ಜ್ಞಾಪಕವು

ಒಂದು ಸಾರಿ ದಡಾರ ಬಂದವನಿಗೆ ಅದು ಮತ್ತೆ ಬಾರದೆಂದು ಹಳ್ಳಿಯ ಮುದುಕಿಯರು ಹೇಳುವದುಂಟು. ಪ್ರಿಯ ವಾಚಕರೇ, ಈ ಮಾತು ನಿಜವೇ. ಅದು ಹೇಗೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಅಟ್ಲಾಂಟಿಕ್ ಸಾಗರದ ಉತ್ತರಭಾಗದಲ್ಲಿ ಡೆನ್ಮಾರ್ಕಿಗೆ ಸೇರಿದ ಫಾರೋ ಎಂಬ ದ್ವೀಪಗಳಿವೆ. ಅಲ್ಲಿ 1781ರಲ್ಲಿ ದಡಾರವು ಹಬ್ಬಿತು. ತರುವಾಯ 65 ವರುಷ ಅದು ಕಾಣಲೇ ಇಲ್ಲ. 1846ರಲ್ಲಿ ಕೋಪನ್‌ಹೇಗನ್ ಪಟ್ಟಣದಿಂದ ಬಂದ ಒಬ್ಬ ಬಡಗಿಯ ಸಂಗಡ ಅದು ತಿರಿಗಿ ಪ್ರವೇಶಿಸಲು, ಸುಮಾರು 7,800 ನಿವಾಸಿಗಳಲ್ಲಿ ಸುಮಾರು 6,000 ಮಂದಿ ಕೆಲವೇ ತಿಂಗಳುಗಳಲ್ಲಿ ಹಾಸಿಗೆ ಹಿಡಿದರು. ಪೀಟರ್ ಪಾನುಮ್ ಎಂಬ ತರುಣ ವೈದ್ಯನು ಸರಕಾರದ ಅಪ್ಪಣೆಯಿಂದ ಅಲ್ಲಿಗೆ ಹೋಗಿ ವಿಚಾರಿಸಿದನು. 1781ರಲ್ಲಿ ದಡಾರ ಬಂದಿದ್ದ ವೃದ್ಧರಲ್ಲಿ ಒಬ್ಬನಿಗಾದರೂ ಅದು ಎರಡನೆಯ ಸಾರಿ ತಗಲಿದ್ದನ್ನು ಅವನು ಕಾಣಲಿಲ್ಲ. ಆಗ ತಪ್ಪಿಸಿಕೊಂಡಿದ್ದ ಮುದುಕರಿಗೋ ಈಗ ತಗಲಿತು. ಹಾಗಾದರೆ ಆ ವೃದ್ಧರನ್ನು ಕಾಪಾಡಿದ್ದು ವಯಸ್ಸಲ್ಲ. ಅಷ್ಟು ಹಿಂದಿನ ರೋಗವನ್ನು ಅವರ ಶರೀರವು ಮರೆತಿರಲಿಲ್ಲ.

ವೈರಸ್ ಎಂಬದು ತಾನಾಗಿ ವೃದ್ಧಿಯಾಗಲಾರದು. ನಮ್ಮ ಜೀವಕಣಗಳೊಳಗೆ ಹೊಕ್ಕು, ಅವುಗಳಿಂದಲೇ ತನ್ನಂಥವುಗಳನ್ನು ಮಾಡಿಸಿಕೊಳ್ಳುತ್ತದೆ. ರಕ್ತದಲ್ಲಿ ಬಿಳೀ ಕಣಗಳೆಂಬ ಕಾವಲುಗಾರರುಂಟು. ಅವುಗಳಲ್ಲಿ ಕೆಲವು ಜಾತಿಯವು ಒಂದೊಂದು ಒಂದೊಂದು ಶತ್ರುವಿನ ಗುರುತನ್ನು ಮಾತ್ರ ಹಿಡಿಯಬಲ್ಲವು, ಬೀಗಕ್ಕೆ ತಕ್ಕ ಬೀಗದಕೈಯಂತೆ. ತಕ್ಕ ಕಣವು ಶತ್ರುವನ್ನು ಸಂಧಿಸಿ, ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುವದಕ್ಕೆ ಕೆಲವು ದಿನಗಳು ಹಿಡಿಯುವವು. ಅಷ್ಟರಲ್ಲಿ ರೋಗಿಯು ಜ್ವರದಿಂದ ಬಳಲುವನು. ಆಮೇಲೆ ಕೆಲವು ಕಣಗಳು ವೈರಸನ್ನು ಹಿಡಿದು ಕಟ್ಟುವ ಪ್ರತಿಕಾಯಗಳನ್ನು ರಕ್ತಕ್ಕೆ ಬಿಡುತ್ತವೆ. ಬೇರೆ ಕೆಲವು, ವೈರಸ್ ಹೊಕ್ಕ ಜೀವಕಣಗಳನ್ನೇ ಕೊಲ್ಲುತ್ತವೆ. ಕಾಳಗ ತೀರಿದ ಮೇಲೆ ಈ ಸೈನ್ಯದ ಬಹುಪಾಲು ಸಾಯುತ್ತದೆ. ಸ್ವಲ್ಪ ಭಾಗವು ಎಲುಬಿನ ಮಜ್ಜೆಯಲ್ಲಿಯೂ ಬೇರೆ ಕಡೆಗಳಲ್ಲಿಯೂ ವರುಷಗಟ್ಟಳೆ ಕಾದಿರುತ್ತದೆ. ಅದೇ ಶತ್ರು ತಿರಿಗಿ ಬಂದರೆ ರೋಗವು ತಲೆಯೆತ್ತುವ ಮೊದಲೇ ಅಡಗುವದು. (ಇನ್‌ಫ್ಲುಯೆಂಜಾ ಮತ್ತೆ ಮತ್ತೆ ಬರುವದೇಕಂದರೆ, ಅದರ ವೈರಸ್ ತನ್ನ ರೂಪವನ್ನು ಬದಲಾಯಿಸುತ್ತಲೇ ಇರುವದು.)

ಹಾಗಾದರೆ ಮಕ್ಕಳಿಗೆ ದಡಾರ ಒಂದು ಸಾರಿ ಬಂದು ಹೋಗಲಿ ಎಂದು ಕೆಲವರು ಅನ್ನುತ್ತಾರೆ. ಇದು ಅಪಾಯವಾದ ಮಾತೆಂದು ನಾವು ಸ್ಪಷ್ಟವಾಗಿ ಹೇಳಬೇಕು. ಯಾಕಂದರೆ ದಡಾರವು ನ್ಯುಮೋನಿಯಾ ತಂದು ಮಕ್ಕಳನ್ನು ಕೊಲ್ಲುವದುಂಟು. ಅದಲ್ಲದೆ, ಬೇರೆ ರೋಗಗಳ ಜ್ಞಾಪಕವನ್ನು ಹೊತ್ತ ಕಣಗಳನ್ನೇ ಅದು ಹೊಕ್ಕು ನಾಶಮಾಡುತ್ತದೆ. ಲಸಿಕೆಯಿಲ್ಲದೆ ದಡಾರಕ್ಕೆ ಸಿಕ್ಕಿದ ಮಕ್ಕಳ ರಕ್ತವನ್ನು ಪರೀಕ್ಷಿಸಿದವರು, ಮೊದಲು ಇದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರ ವರೆಗೆ ಅಳಿದುಹೋದವೆಂದು 2019ರಲ್ಲಿ ಪ್ರಕಟಿಸಿದರು. ಲಸಿಕೆಯಲ್ಲಿರುವದೋ ಬಲಗುಂದಿಸಿದ ವೈರಸ್; ಅದು ಹೊಸ ಗುರುತನ್ನು ಕಲಿಸುತ್ತದೆ, ಹಳೆಯದನ್ನು ಅಳಿಸುವದಿಲ್ಲ. ನಮ್ಮ ದೇಶದಲ್ಲಿ ಸರಕಾರವು ಅದನ್ನು ಹಣ ತೆಗೆದುಕೊಳ್ಳದೆ, ಮಗುವಿಗೆ 9 ತಿಂಗಳು ತುಂಬಿದ ಮೇಲೆ ಒಂದು ಸಾರಿಯೂ, 16ರಿಂದ 24 ತಿಂಗಳೊಳಗೆ ಇನ್ನೊಂದು ಸಾರಿಯೂ ಹಾಕಿಸುತ್ತದೆ. ಮೊದಲನೆಯದು ಹಿಡಿಯದ ಮಕ್ಕಳು ಕೆಲವರು ಇರುವದರಿಂದಲೇ ಎರಡನೆಯದನ್ನು ನೇಮಿಸಿದ್ದಾರೆ.